ಡೋಣಿ ಹೊಳೆಯ ನೆರೆಯ ಗೆರೆ: ಹೆದ್ದಾರಿ, ನಕಾಶೆ ಮತ್ತು ಜನರ ನೆನಪು

‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಕೆಲವು ಪಾಠಾಂತರಗಳೊಡನೆ ವಿಜಯಪುರ ಜಿಲ್ಲೆಯಲ್ಲೆಲ್ಲ ಬಳಕೆಯಲ್ಲಿದೆ. ಅದೇ ಹೊಳೆಯನ್ನು ಜಿಲ್ಲೆಯ ಕಣ್ಣೀರಿನ ಹೊಳೆಯೆಂದು ಕರೆಯುವ ರೂಢಿಯೂ ಇದೆ. ಗಾದೆಯ ದೃಷ್ಟಿಯಲ್ಲಿ ನೆರೆ ಎಂದರೆ ಹೊಲಕ್ಕೆ ಬಂದ ಮೆಕ್ಕಲು. ಆಡಳಿತದ ದೃಷ್ಟಿಯಲ್ಲಿ ಅದು ಮುಳುಗಿದ ಸೇತುವೆ, ನಿಂತುಹೋದ ಸಂಚಾರ. ನೆರೆಯ ಅಪಾಯವಿರುವ ನೆಲವನ್ನು ಗುರುತಿಸಿ ನಕಾಶೆಗೆ ಇಳಿಸುವ ಕಾರ್ಯವು ಈ ಎರಡು ದೃಷ್ಟಿಗಳ ನಡುವೆ ನಡೆಯಬೇಕಾಗಿದೆ. ಅದರಲ್ಲಿ ಜನಪದರ ನೆನಪು ಯಾವ ಬಗೆಯ ಆಧಾರವಾಗಬಲ್ಲದು, ಎಲ್ಲಿ ಆಗಲಾರದು ಎಂಬುದು ಇಲ್ಲಿನ ವಿಚಾರ.

ಡೋಣಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾದು, ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ವರ್ಷದ ಬಹುಭಾಗ ಇದು ಸವಳು ನೀರಿನ ಸಣ್ಣ ಹರಿವು. ಇಕ್ಕೆಲಗಳಲ್ಲಿ ಆಳವಾದ ಎರೆಭೂಮಿ, ಇಳಿಜಾರು ಅತ್ಯಲ್ಪ, ಪಾತ್ರ ಅಂಕುಡೊಂಕು, ಹೂಳಿನಿಂದ ತುಂಬಿದ್ದು. ಬೇಸಿಗೆಯಲ್ಲಿ ಬಿರಿದ ಎರೆಮಣ್ಣು ಮುಂಗಾರಿನ ಮೊದಲ ಮಳೆಗಳನ್ನು ಬಿರುಕುಗಳಲ್ಲಿ ನುಂಗಿಕೊಳ್ಳುತ್ತದೆ. ಒಮ್ಮೆ ನೆನೆದು ಉಬ್ಬಿದ ಮೇಲೆ ಅದೇ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದಕಾರಣ ಉತ್ತರಿ, ಹಸ್ತಿ, ಚಿತ್ತಿ ಮಳೆಗಳ ಕಾಲದಲ್ಲಿ, ಎಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕಡೆಯವರೆಗೆ, ಬಿದ್ದ ಮಳೆಯ ಹೆಚ್ಚಿನ ಪಾಲು ನೇರವಾಗಿ ಹೊಳೆಗೆ ಇಳಿಯುತ್ತದೆ. 2009ರಲ್ಲಿ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಉತ್ತರ ಕರ್ನಾಟಕವನ್ನು ಕಂಗೆಡಿಸಿದ ಮಹಾಮಳೆ ಬಿದ್ದದ್ದು ಹಸ್ತಿಯಲ್ಲಿಯೇ.

ನೆರೆನಕಾಶೆಯನ್ನು ರಚಿಸುವ ತಜ್ಞರು ಮೊದಲು ಮಳೆ ಹಾಗೂ ಹರಿವಿನ ದಾಖಲೆಗಳಿಂದ ಒಂದು ನಿರ್ದಿಷ್ಟ ಸಂಭಾವ್ಯತೆಯ ನೆರೆಯನ್ನು ಲೆಕ್ಕಹಾಕುತ್ತಾರೆ. ಬಳಿಕ ಹೊಳೆಯ ಅಡ್ಡಕೊಯ್ತಗಳನ್ನು ಅಳೆದು ಆ ನೀರು ಎಷ್ಟು ಎತ್ತರಕ್ಕೆ ಏರುವುದೆಂದು ಕಂಡುಕೊಂಡು, ಆ ಮಟ್ಟವನ್ನು ನೆಲದ ಮೇಲೆ ಹರಡಿ ಗೆರೆ ಎಳೆಯುತ್ತಾರೆ. ‘ನೂರು ವರ್ಷದ ನೆರೆ’ ಎಂಬ ಪದ ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಕೊಟ್ಟಿದೆ. ಅದು ನೂರು ವರ್ಷಕ್ಕೊಮ್ಮೆ ತಪ್ಪದೆ ಬರುವ ನೆರೆಯಲ್ಲ. ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ನೂರಕ್ಕೆ 1 ಎಂದಷ್ಟೇ ಅದರ ಅರ್ಥ. ಆ ಗೆರೆಯೊಳಗೆ ಕಟ್ಟಿದ ಮನೆಯಲ್ಲಿ 30 ವರ್ಷ ಬಾಳಿದವನಿಗೆ ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ನೂರಕ್ಕೆ 26ರಷ್ಟಾಗುತ್ತದೆ.

ಡೋಣಿಯಂಥ ಹೊಳೆಯಲ್ಲಿ ಈ ವಿಧಾನ ತೊಡಕಿಗೆ ಸಿಲುಕುತ್ತದೆ. 1:50,000 ಪ್ರಮಾಣದ ಭೂಪಟಗಳಲ್ಲಿ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಜಾಗತಿಕ ಎತ್ತರದ ದತ್ತಾಂಶದಲ್ಲಿಯೂ ಕೆಲವು ಮೀಟರುಗಳ ವ್ಯತ್ಯಾಸ ಸಹಜ. ಒಂದು ಮೀಟರ್ ನೀರು ಏರಿದರೆ ಹೊಲಗಳ ಮೇಲೆ ದೂರದೂರಕ್ಕೆ ಹರಡುವ ಸಪಾಟು ನೆಲದಲ್ಲಿ ಇಂಥ ಅಳತೆಗಳು ಕೈಕೊಡುತ್ತವೆ. ಮೋಡದ ಮರೆಯಲ್ಲೂ ನೀರನ್ನು ಗುರುತಿಸುವ ರಾಡಾರ್ ಉಪಗ್ರಹಗಳು ಈಗ ಇವೆ. ಆದರೆ ಅವು ಒಂದೇ ಎಡೆಯ ಮೇಲೆ ಮರಳಿ ಹಾಯುವುದು ಕೆಲವು ದಿನಗಳಿಗೊಮ್ಮೆ. ಒಂದೆರಡು ದಿನಗಳಲ್ಲಿ ಇಳಿದುಹೋಗುವ ಹೊಳೆಯ ನೆರೆ ಅವುಗಳ ಕಣ್ಣು ತಪ್ಪಿಸುವುದುಂಟು. ಊರವರ ಕಣ್ಣನ್ನು ಮಾತ್ರ ಅದು ತಪ್ಪಿಸಲಾರದು.

ಆದಕಾರಣ ಜನರ ನೆನಪು ಇಲ್ಲಿ ಅಲಂಕಾರವಲ್ಲ, ಆಧಾರ. ಗುಡಿಯ ಯಾವ ಮೆಟ್ಟಿಲಿಗೆ ನೀರು ಮುಟ್ಟಿತ್ತು, ಯಾವ ಹೊಲದ ಬದುವಿನ ಮೇಲೆ ಕಸ ನಿಂತಿತ್ತು, ಯಾವ ಮಳೆಯಲ್ಲಿ ಬಂತು ಎಂಬುದನ್ನು ಹೊಳೆಸಾಲಿನ ಹಿರಿಯರು ಖಚಿತವಾಗಿ ಹೇಳಬಲ್ಲರು. ಇಸವಿ ಮರೆತರೂ ಮಳೆಯ ನಕ್ಷತ್ರವನ್ನು ಮರೆಯುವುದಿಲ್ಲ. ಬಿತ್ತನೆಯ ಲೆಕ್ಕವೇ ಅದರ ಮೇಲಿದೆ. ಎರೆ, ಮಸಾರಿ, ಮಡ್ಡಿ ಎಂಬ ಹೊಲದ ಹೆಸರುಗಳು ಮಣ್ಣನ್ನಷ್ಟೇ ಅಲ್ಲ, ನೆಲದ ಎತ್ತರವನ್ನೂ ಸೂಚಿಸುತ್ತವೆ. ಊರ ಹೆಸರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತಾಳಿಕೋಟೆಯ ಬಳಿಯ ಹಡಗಿನಾಳದ ಹೆಸರಿನಲ್ಲಿ ಹಡಗನ್ನೂ ಹೊಳೆಯ ಹೆಸರಿನಲ್ಲಿ ದೋಣಿಯನ್ನೂ ಕಂಡು, ಹಿಂದೆ ಇಲ್ಲಿ ಮಹಾಪ್ರವಾಹಗಳಿದ್ದವೆಂದು ಸಾಧಿಸಹೊರಡುವುದು ಶಾಸ್ತ್ರವಲ್ಲ, ಶಬ್ದವಿನೋದ.

ಇದಕ್ಕಿಂತ ದೊಡ್ಡ ತೊಡಕೆಂದರೆ ರಸ್ತೆ. ವಿಜಯಪುರ ನಗರ ಡೋಣಿಯ ಉತ್ತರಕ್ಕಿದೆ, ಕೃಷ್ಣೆ ಅದರ ದಕ್ಷಿಣಕ್ಕೆ. ನಗರದಿಂದ ಕೃಷ್ಣೆಯತ್ತ ಹೊರಡುವ 50 ಮತ್ತು 52ನೆಯ ರಾಷ್ಟ್ರೀಯ ಹೆದ್ದಾರಿಗಳೂ ಹಲವು ರಾಜ್ಯ ರಸ್ತೆಗಳೂ ಈ ಹೊಳೆಯನ್ನು ದಾಟಲೇಬೇಕು. ಸಪಾಟು ನೆಲದಲ್ಲಿ ಹೆದ್ದಾರಿ ಏರಿಯ ಮೇಲೆ ಬರುತ್ತದೆ. ಮೊದಲು ಹೊಲಗಳ ಮೇಲೆ ಅಗಲವಾಗಿ, ತೆಳುವಾಗಿ ಹರಿದುಹೋಗುತ್ತಿದ್ದ ನೀರು ಏರಿಗೆ ತಡೆದು ಸೇತುವೆಯ ಕಿಂಡಿಗಳತ್ತ ತಿರುಗುತ್ತದೆ. ಕಿಂಡಿ ಸಾಲದಿದ್ದರೆ, ಅಥವಾ ಹೂಳು, ಜಾಲಿಯ ಕಂಟಿಗಳಿಂದ ಕಟ್ಟಿಕೊಂಡಿದ್ದರೆ, ಮೇಲ್ಭಾಗದಲ್ಲಿ ನೀರು ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೆಳಗೆ ಕಿಂಡಿಯಿಂದ ರಭಸವಾಗಿ ನುಗ್ಗಿದ ನೀರು ದಂಡೆಯನ್ನು ಕೊರೆಯುತ್ತದೆ. ಹೀಗಾಗಿ ಹೆದ್ದಾರಿ ನೆರೆನಕಾಶೆಯಲ್ಲಿ ಅಪಾಯಕ್ಕೆ ಒಳಗಾಗುವ ವಸ್ತುವಷ್ಟೇ ಅಲ್ಲ, ಅಪಾಯದ ಗೆರೆಯನ್ನು ಸರಿಸುವ ಕಾರಣವೂ ಹೌದು.

ಇದರ ಪರಿಣಾಮ ಜನಸ್ಮೃತಿಯ ಮೇಲೂ ಆಗುತ್ತದೆ. ಏರಿ ಕಟ್ಟುವ ಮುನ್ನ ಗುಡಿಯ ಮೊದಲ ಮೆಟ್ಟಿಲಿಗೆ ಬಂದ ನೆರೆಯೂ, ಕಟ್ಟಿದ ಬಳಿಕ ಮೂರನೆಯ ಮೆಟ್ಟಿಲಿಗೆ ಬಂದ ನೆರೆಯೂ ಒಂದೇ ಪ್ರಮಾಣದ ನೀರಾಗಿರಬಹುದು. ಅಜ್ಜ ಕಂಡ ಹೊಳೆ ಬೇರೆ, ಮೊಮ್ಮಗ ಕಾಣುವ ಹೊಳೆ ಬೇರೆ. ಆದುದರಿಂದ ಕ್ಷೇತ್ರಕಾರ್ಯದಲ್ಲಿ ದೊರೆತ ಪ್ರತಿಯೊಂದು ಗುರುತನ್ನೂ ಮಟ್ಟ ಅಳೆಯುವ ಉಪಕರಣದಿಂದ ಅಳೆದರೆ ಸಾಲದು. ರಸ್ತೆ ಎತ್ತರಿಸುವ ಮುಂಚಿನದೋ ಅನಂತರದ್ದೋ ಎಂಬುದನ್ನು ಮೊದಲು ವಿಂಗಡಿಸಬೇಕು. ನೆರೆಯ ಇಸವಿ ನೆನಪಿಲ್ಲದವರೂ ಇದನ್ನು ಹೇಳಬಲ್ಲರು, ಏಕೆಂದರೆ ರಸ್ತೆಯ ಕೆಲಸ ಊರಿಗೆ ಕೂಲಿ ತಂದಿರುತ್ತದೆ, ಹೊಲ ಕಳೆದಿರುತ್ತದೆ. ಜಾನಪದ ಸಂಗ್ರಾಹಕರು ‘ಹಿಂದಿನ ಕಾಲದಲ್ಲಿ’ ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ಬೆರೆಸಿಬಿಡುವ ರೂಢಿ ಈ ಕೆಲಸಕ್ಕೆ ಒದಗುವುದಿಲ್ಲ.

ನಕಾಶೆ ಸಿದ್ಧವಾದ ಮೇಲೂ ಅದರ ಬಣ್ಣಕ್ಕೆ ಕಾನೂನಿನ ಬಲ ದೊರೆಯುವುದು ಅಪರೂಪ. ನೆರೆಬಯಲಿನ ವಲಯೀಕರಣಕ್ಕೆ ಕೇಂದ್ರವು 1975ರಲ್ಲಿಯೇ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿತು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ ಕಾಯಿದೆ ಮಾಡಿದವು. ಆಮೇಲೂ ಆ ದಾರಿ ಹಿಡಿದ ರಾಜ್ಯಗಳು ಕೆಲವೇ. ಡೋಣಿಸಾಲಿನ ರೈತರಿಗೆ ಇಡೀ ಎರೆಭೂಮಿಯನ್ನು ಒಂದೇ ಕೆಂಪು ಬಣ್ಣದಲ್ಲಿ ತೋರಿಸುವ ನಕಾಶೆಯಿಂದ ಉಪಯೋಗವಿಲ್ಲ. ಉತ್ತರಿಗೆ ಮುನ್ನ ಬಂದು ಇಳಿದ ನೀರು ಹಿಂಗಾರಿ ಜೋಳಕ್ಕೆ ಹಸಿಯನ್ನೂ ಮೆಕ್ಕಲನ್ನೂ ಬಿಟ್ಟುಹೋಗುತ್ತದೆ. ಬಿತ್ತಿದ ಮೇಲೆ ಚಿತ್ತಿಯಲ್ಲಿ ಬಂದ ನೀರು ಮೊಳಕೆಯನ್ನು ಕೊಳೆಸುತ್ತದೆ. ಗೆರೆ ಒಂದೇ, ಫಲ ಬೇರೆ.

ಸೇತುವೆಯ ಮೇಲೆ ಈ ವಿನಾಯಿತಿಯೂ ಇಲ್ಲ. ತಾಳಿಕೋಟೆಯಿಂದ ಹಡಗಿನಾಳಕ್ಕೆ ಹೋಗುವ ದಾರಿಯ ನೆಲಮಟ್ಟದ ಸೇತುವೆ ಡೋಣಿ ಉಕ್ಕಿದಾಗ ಮುಳುಗುತ್ತದೆ. ಅಂಥ ಎಡೆಗಳಲ್ಲಿ ನೀರಿನ ಹರವಿಗಿಂತ ಅದರ ಆಳ, ವೇಗಗಳು ಮುಖ್ಯ. ಮೊಣಕಾಲುದ್ದದ ನೀರು ಹೊಲದಲ್ಲಿ ನಿಂತರೆ ನಡೆದು ದಾಟಬಹುದು. ಅಷ್ಟೇ ಆಳದ ನೀರು ಸೇತುವೆಯ ಮೇಲೆ ರಭಸದಿಂದ ಹರಿದರೆ ಆಳನ್ನು ಕೆಡಹುತ್ತದೆ. ದಿನವೂ ದಾಟುವವರು ಅಂಚಿನ ಕಲ್ಲುಗಳಲ್ಲಿ ಎಷ್ಟು ಕಾಣುತ್ತಿವೆಯೆಂದು ನೋಡಿ ಹೆಜ್ಜೆ ಇಡುತ್ತಾರೆ. ಆ ಕಲ್ಲುಗಳ ಎತ್ತರವೂ ಅಳತೆಯ ಪುಸ್ತಕದಲ್ಲಿ ದಾಖಲಾಗತಕ್ಕದ್ದು.