ಮೇಲಿನ ಕೋಣೆ ಏರಿಸುವ ಹೊತ್ತು

ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ಬಣ್ಣ ಮೈಯಿಂದ ಪೂರ್ತಿ ಹೋಗುವ ಮೊದಲೇ ರಸ್ತೆಬದಿಯ ಹೊಂಗೆ ಚಿಗುರಿ ಹೂ ಬಿಡತೊಡಗುತ್ತದೆ. ಯುಗಾದಿಯ ಹೊತ್ತಿಗೆ ಬೇವಿನ ಸರದಿ. ಜೇನು ಸಾಕುವವರಿಗೆ ಇದು ಸುಗ್ಗಿ. ಕಮರಿಪೇಟೆಯಂಥ ಹಳೆಯ ಪೇಟೆಯಲ್ಲೂ ಮಾಳಿಗೆಯ ನೆರಳಿನ ಮೂಲೆಯಲ್ಲಿ ಒಂದು ತುಡುವೆ ಜೇನಿನ ಪೆಟ್ಟಿಗೆ ಇಡಲು ಅಡ್ಡಿಯಿಲ್ಲ. ತುಡುವೆ ಮೇಯಲು ಹೋಗುವುದು ಸಾಮಾನ್ಯವಾಗಿ ಒಂದು-ಒಂದೂವರೆ ಕಿಲೋಮೀಟರ್ ಒಳಗೇ. ಆ ಸುತ್ತಿನಲ್ಲಿ ಹೊಂಗೆ, ಬೇವು, ಹುಣಸೆ, ನುಗ್ಗೆ, ತೆಂಗು ಇದ್ದರೆ ಅದರ ಹೊಟ್ಟೆಗೆ ಕೊರತೆಯಿಲ್ಲ. ಸಾಕುವವರ ತಲೆ ತಿನ್ನುವ ಪ್ರಶ್ನೆ ಬೇರೆಯದು: ತುಂಬುತ್ತಿರುವ ಕುಟುಂಬಕ್ಕೆ ಜಾಗ ಕೊಡುವುದು ಯಾವಾಗ?

ಪೆಟ್ಟಿಗೆ ತೆರೆದು ಒಳಗೆ ನೋಡಲು ಸಾಧ್ಯವಾದದ್ದರಿಂದಲೇ ಈ ಪ್ರಶ್ನೆ ಹುಟ್ಟಿತು. ಎರಿಗಳ ನಡುವೆ ಸುಮಾರು 6ರಿಂದ 9 ಮಿಲಿಮೀಟರ್ ಸಂದು ಬಿಟ್ಟರೆ ಜೇನು ಅದನ್ನು ಮೇಣದಿಂದ ಮುಚ್ಚದೆ ಓಡಾಟಕ್ಕೆ ಇಟ್ಟುಕೊಳ್ಳುತ್ತದೆ. ಈ ಗುಟ್ಟನ್ನು 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ರಚನೆಗೆ ಅಳವಡಿಸಿದ ಮೇಲೆ ಎರಿ ಕಟ್ಟುವ ಚೌಕಟ್ಟುಗಳನ್ನು ಎತ್ತಿ ನೋಡುವುದು ಸಲೀಸಾಯಿತು. 1910ರ ದಶಕದಲ್ಲಿ ತಿರುಚಿರಾಪಳ್ಳಿ ಸೀಮೆಯಲ್ಲಿ ಜೇನುಸಾಕಣೆ ಕಲಿಸಿದ ಪಾದ್ರಿ ನ್ಯೂಟನ್, ನಮ್ಮ ತುಡುವೆಯ ಅಳತೆಗೆ ಸಣ್ಣ ಪೆಟ್ಟಿಗೆ ಮಾಡಿದರು. ದಕ್ಷಿಣ ಭಾರತದಲ್ಲಿ ಇಂದಿಗೂ ನ್ಯೂಟನ್ ಪೆಟ್ಟಿಗೆಯೇ ರೂಢಿ. ಕೆಳಗೆ ರಾಣಿ ಮೊಟ್ಟೆಯಿಡುವ ಮರಿಕೋಣೆ, ಅದರಲ್ಲಿ 7 ಚೌಕಟ್ಟು. ಮೇಲೆ ಅರ್ಧ ಎತ್ತರದ ಜೇನುಕೋಣೆ, ಅದಕ್ಕೇ ‘ಸೂಪರ್’ ಎನ್ನುತ್ತಾರೆ. ಮನುಷ್ಯರು ಜೇನು ತೆಗೆಯಬೇಕಾದದ್ದು ಈ ಮೇಲಿನ ಕೋಣೆಯಿಂದ ಮಾತ್ರ.

ಸೂಪರ್ ಬೇಗ ಏರಿಸಿದರೆ ನಷ್ಟ. ಮರಿಗಳಿರುವ ಜಾಗವನ್ನು ಜೇನು 33ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾಪಾಡುತ್ತದೆ. ಸಣ್ಣ ಕುಟುಂಬದ ತಲೆಯ ಮೇಲೆ ಬರಿದಾದ ಕೋಣೆ ಕೂತರೆ ಬಿಸಿಯೆಲ್ಲ ಅಲ್ಲಿಗೇ ಹೋಗುತ್ತದೆ. ಜೇನುನೊಣ ಕೂರದ ಎರಿಗೆ ಮೇಣದ ಹುಳು ಬೀಳುತ್ತದೆ. ತಡಮಾಡಿದರೆ ಇನ್ನೂ ಕಷ್ಟ. ಬಂದ ಮಕರಂದವನ್ನು ನೊಣಗಳು ಮರಿಕೋಣೆಯಲ್ಲೇ ತುಂಬುತ್ತವೆ, ರಾಣಿಗೆ ಮೊಟ್ಟೆಯಿಡಲು ಕಣ ಸಿಗುವುದಿಲ್ಲ. ಎರಿಯ ಕೆಳ ಅಂಚಿನಲ್ಲಿ ರಾಣಿಕಣಗಳು ಜೋತುಬೀಳುತ್ತವೆ, ಹಳೆಯ ರಾಣಿ ಅರ್ಧದಷ್ಟು ನೊಣಗಳನ್ನು ಕಟ್ಟಿಕೊಂಡು ಹೊರಬೀಳುತ್ತದೆ. ಜೇನು ಪಾಲಾಯಿತು ಎಂದರೆ ಆ ಪೆಟ್ಟಿಗೆಯ ಸುಗ್ಗಿ ಬಹುಪಾಲು ಮುಗಿಯಿತು. ರಾಣಿಕಣ ಕಂಡ ಮೇಲೆ ಸೂಪರ್ ಏರಿಸಿ ಪ್ರಯೋಜನ ಕಡಿಮೆ. ಆಗ ಕುಟುಂಬವನ್ನು ನಾವೇ ಎರಡು ಪೆಟ್ಟಿಗೆಗೆ ಹಂಚುವುದು ಜಾಣತನ. ಮೊಟ್ಟೆಯಿಂದ ರಾಣಿ ಹೊರಬರಲು ಹದಿನೈದು-ಹದಿನಾರು ದಿನ ಸಾಕು. ಅದಕ್ಕೇ ಈ ಕಾಲದಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆ ತೆರೆಯಲೇಬೇಕು.

ಹಾಗಾದರೆ ಸರಿಯಾದ ಹೊತ್ತು ತಿಳಿಯುವುದು ಹೇಗೆ? ಬೆಳಗಿನ ಎಳೆಬಿಸಿಲಿನಲ್ಲಿ ಮುಚ್ಚಳ ಎತ್ತಿ, ಒಂದೆರಡು ಬಾರಿ ಹೊಗೆ ಹಾಕಿ ಬದಿಯ ಚೌಕಟ್ಟನ್ನು ಮೊದಲು ನೋಡಬೇಕು. ಮಧ್ಯದ ಚೌಕಟ್ಟುಗಳಲ್ಲಿ ನೊಣ ಯಾವಾಗಲೂ ಕಿಕ್ಕಿರಿದಿರುತ್ತವೆ, ಅವನ್ನು ನೋಡಿ ಮೋಸಹೋಗಬಾರದು. ಗೋಡೆಗೆ ಹತ್ತಿದ ಎರಡೂ ಕೊನೆಯ ಚೌಕಟ್ಟುಗಳ ಇಬ್ಬದಿಗೂ ನೊಣ ಮುತ್ತಿದ್ದರೆ ಮನೆ ತುಂಬಿದೆ. ಎರಿಗಳ ಮೇಲಂಚಿನಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳನೆಯ ಹೊಸ ಮೇಣ ಕಂಡರೆ, ಚೌಕಟ್ಟು ವಾಲಿಸಿದಾಗ ಕಣಗಳಿಂದ ತೆಳು ಮಕರಂದ ಹನಿ ಉದುರಿದರೆ ಹೂವಿನ ಆದಾಯ ಶುರುವಾಗಿದೆ. ನೊಣವೂ ತುಂಬಿ ಆದಾಯವೂ ಬಂದ ದಿನ ಸೂಪರ್ ಏರಿಸಬೇಕು. ಹಳೆಯ ಎರಿ ಇರುವ ಒಂದೆರಡು ಚೌಕಟ್ಟನ್ನು ಅದರಲ್ಲಿ ತೂಗುಹಾಕಿದರೆ ನೊಣ ಬೇಗ ಮೇಲೇರುತ್ತವೆ. ಸಕ್ಕರೆ ಪಾಕ ಕೊಡುತ್ತಿದ್ದರೆ ಸೂಪರ್ ಏರಿಸುವ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಬಾಟಲಿಗೆ ಇಳಿಯುವುದು ಜೇನಲ್ಲ, ಪಾಕ.

ತಾರೀಖು ನಂಬಿ ಕೂರಲು ಧಾರವಾಡ ಜಿಲ್ಲೆ ಬಿಡುವುದಿಲ್ಲ. ಪೂರ್ವಕ್ಕೆ ನವಲಗುಂದದ ಎರೆಹೊಲಗಳಲ್ಲಿ ಕುಸುಬಿ, ಕೊತ್ತಂಬರಿ ಹೂ ಹಿಂಗಾರಿನ ಚಳಿಯಲ್ಲೇ ಅರಳಿ ಮುಗಿಯುತ್ತವೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಾಡಂಚಿನಲ್ಲಿ ನೇರಳೆ ಹೂವಿಗೆ ಬೇಸಿಗೆ ಬರಬೇಕು. ಹುಬ್ಬಳ್ಳಿ ಇವೆರಡರ ನಡುವೆ ಇದೆ. ಒಂದೇ ತಿಂಗಳಲ್ಲಿ ಒಬ್ಬರ ಪೆಟ್ಟಿಗೆಗೆ ಸೂಪರ್ ಬೇಕು, ಇನ್ನೊಬ್ಬರದನ್ನು ಇಳಿಸಬೇಕು. ಆದರೂ ತಯಾರಿಗೆ ಒಂದು ಲೆಕ್ಕ ಬೇಕು. ಇವತ್ತು ಇಟ್ಟ ಮೊಟ್ಟೆ ಕೆಲಸದ ನೊಣವಾಗಿ ಹೊರಬರಲು ಸುಮಾರು ಮೂರು ವಾರ, ಗೂಡಿನ ಒಳಗೆಲಸ ಮುಗಿಸಿ ಹೂವಿಗೆ ಹಾರಲು ಮತ್ತೆ ಎರಡು-ಮೂರು ವಾರ. ಯುಗಾದಿಯ ಬೇವಿಗೆ ದುಡಿಯುವ ಸೈನ್ಯ ಶಿವರಾತ್ರಿಗೂ ಮೊದಲೇ ಮೊಟ್ಟೆಯಾಗಿ ಬಿದ್ದಿರಬೇಕು.

ಸೂಪರಿನ ಮುಕ್ಕಾಲು ಪಾಲು ಕಣಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ಜೇನು ತೆಗೆಯಬಹುದು. ಅದಕ್ಕೂ ಮೊದಲು ತೆಗೆದರೆ ನೀರಿನಂಶ ಹೆಚ್ಚಾಗಿ ಹುಳಿಯಾಗುತ್ತದೆ. ಮಿರಗ ಮಳೆ ಕೂಡುವುದರೊಳಗೆ ಸೂಪರ್ ಇಳಿಸಿ, ಮರಿಕೋಣೆಯ ಜೇನನ್ನು ಮುಟ್ಟದೆ ಬಿಡಬೇಕು. ಹೂವಿಲ್ಲದ ಮಳೆಗಾಲಕ್ಕೆ ಅದೇ ಕುಟುಂಬದ ಬುತ್ತಿ. ಕಲಿಯಬಯಸುವವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ವಿಚಾರಿಸಬಹುದು. ಶುರುವಿಗೆ ಎರಡು ಪೆಟ್ಟಿಗೆ ಒಳ್ಳೆಯದು: ಒಂದು ಸೊರಗಿದೆಯೋ ತುಂಬಿದೆಯೋ ಎಂಬುದು ಪಕ್ಕದ್ದನ್ನು ನೋಡಿದಾಗಲೇ ಗೊತ್ತಾಗುತ್ತದೆ.