ಹಳೆಯ ಮೋಟಾರು ಸೈಕಲ್ಲಿನ ದೀರ್ಘಪ್ರಯಾಣ

ಮನೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಅಜ್ಜನ ಕಾಲದ ಸೈಕಲ್ಲನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಅದನ್ನು ಒರೆಸಿ, ಗಾಳಿ ತುಂಬಿ, ಬೀದಿಯಲ್ಲಿ ಒಂದು ಸುತ್ತು ಬರುವುದು ಕಷ್ಟವಲ್ಲ. ಆದರೆ ನೂರು ವರ್ಷದ ಹಿಂದಿನ ಮೋಟಾರು ಸೈಕಲ್ಲನ್ನೇರಿ ಒಂದು ಖಂಡವನ್ನೇ ದಾಟುವವರೂ ಉಂಟು. ಆ ವಾಹನವನ್ನು ಅವರು ಹೇಗೆ ಸಿದ್ಧಗೊಳಿಸುತ್ತಾರೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

1914ರಲ್ಲಿ ಅರ್ವಿನ್ ಬೇಕರ್ ಎಂಬ ಅಮೆರಿಕದ ಸಾಹಸಿಯು ‘ಇಂಡಿಯನ್’ ಮೋಟಾರು ಸೈಕಲ್ಲಿನ ಮೇಲೆ ಪಶ್ಚಿಮ ತೀರದ ಸ್ಯಾನ್ ಡಿಯೆಗೋದಿಂದ ಹೊರಟು ಸುಮಾರು ಹನ್ನೊಂದೂವರೆ ದಿನಗಳಲ್ಲಿ ನ್ಯೂಯಾರ್ಕನ್ನು ಸೇರಿದನು. ಒಳ್ಳೆಯ ರಸ್ತೆಗಳು ಆಗ ವಿರಳ. ಜನರು ಅವನಿಗೆ ‘ಕ್ಯಾನನ್‌ಬಾಲ್’, ಎಂದರೆ ತೋಪಿನ ಗುಂಡು, ಎಂಬ ಬಿರುದನ್ನಿತ್ತರು. ಅದೇ ಹೆಸರಿನ ಓಟವೊಂದು 2010ರಲ್ಲಿ ಆರಂಭವಾಯಿತು. 1903ರಲ್ಲಿ ರೈಟ್ ಸೋದರರು ವಿಮಾನ ಹಾರಿಸಿದ ಸ್ಥಳದ ಸಮೀಪದ ಕಿಟಿ ಹಾಕ್ ಎಂಬ ಊರಿನಿಂದ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕದವರೆಗೆ ಸುಮಾರು 3,300 ಮೈಲಿಗಳು ಆ ಮೊದಲ ಓಟದ ದಾರಿಯಾಗಿತ್ತು. 1915ರ ವೇಳೆಗೆ ತಯಾರಾಗಿದ್ದ ವಾಹನಗಳಿಗೆ ಮಾತ್ರ ಆಗ ಅದರಲ್ಲಿ ಪ್ರವೇಶವಿತ್ತು. ಇದು ವೇಗದ ಪಂದ್ಯವಲ್ಲ. ಕ್ರಮಿಸಿದ ಮೈಲಿಗೊಂದರಂತೆ ಅಂಕ. ದಾರಿಯಲ್ಲಿ ಕೆಟ್ಟರೆ ಸವಾರನೇ ತನ್ನ ಚೀಲದ ಉಪಕರಣಗಳಿಂದ ಸರಿಪಡಿಸಿಕೊಳ್ಳಬೇಕು. ಆದುದರಿಂದ ಗೆಲವು ಬಹುಮಟ್ಟಿಗೆ ಹೊರಡುವ ಮೊದಲೇ, ಕೆಲಸದ ಮನೆಯಲ್ಲಿಯೇ, ನಿರ್ಣಯವಾಗಿಬಿಡುತ್ತದೆ.

ಮೊದಲನೆಯ ಕೆಲಸ, ವಾಹನವನ್ನು ಕೊನೆಯ ತಿರುಪಿನವರೆಗೂ ಬಿಚ್ಚುವುದು. ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅವುಗಳನ್ನು ಹುಡುಕಲು ಸುಲಭವಾದ ಉಪಾಯವೊಂದುಂಟು. ಬಣ್ಣ ತೆಗೆದ ಲೋಹಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ಸವರುತ್ತಾರೆ. ಬಿರುಕಿನೊಳಗೆ ಅಡಗಿದ್ದ ಎಣ್ಣೆಯು ಹೊರಕ್ಕೆ ಜಿನುಗಿ ಬಿಳಿಯ ಸುಣ್ಣದ ಮೇಲೆ ಗೆರೆಯಾಗಿ ತೋರುತ್ತದೆ.

ಎರಡನೆಯದು ಎಂಜಿನ್ನು. ಸುಟ್ಟ ಅನಿಲವನ್ನು ಹೊರಬಿಡುವ ಕವಾಟವು ಕೆಂಪಗೆ ಕಾಯುತ್ತದೆ. ಹಳೆಯ ಕವಾಟದ ತಲೆ ಮುರಿದು ಒಳಗೆ ಬಿದ್ದರೆ ಎಂಜಿನ್ನೇ ಹಾಳು. ಆದುದರಿಂದ ಅನೇಕರು ಈಗಿನ ಉತ್ತಮ ಉಕ್ಕಿನ ಕವಾಟವನ್ನು ಮಾಡಿಸಿ ಹಾಕುತ್ತಾರೆ. ಎರಕದ ಕಬ್ಬಿಣದ ಭಾರವಾದ ಪಿಸ್ಟನ್ನಿನ ಬದಲು ಹಗುರವಾದ ಅಲ್ಯುಮಿನಿಯಮ್ ಪಿಸ್ಟನ್ ಹಾಕುವುದೂ ಉಂಟು. ಆದರೆ ಕಾಯಿಸಿದಾಗ ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದು. ಅದಕ್ಕೆ ತಕ್ಕ ಎಡೆಯನ್ನು ಬಿಡದಿದ್ದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ.

ಕಿಡಿಯನ್ನು ಹುಟ್ಟಿಸುವ ಮ್ಯಾಗ್ನೆಟೋ ಮತ್ತೊಂದು ಮರ್ಮಸ್ಥಾನ. ಅದರ ತಂತಿಯ ಸುರುಳಿಗೆ ಹಿಂದೆ ಅರಗನ್ನು ಲೇಪಿಸುತ್ತಿದ್ದರು. ಅರಗಿನ ಮನೆಯ ಕಥೆಯನ್ನು ಕೇಳಿದ ನಮಗೆ ಅರಗಿನ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಬೆಳಗಿನ ತಂಪಿನಲ್ಲಿ ಸೊಗಸಾಗಿ ಓಡಿದ ಯಂತ್ರವು ಮಧ್ಯಾಹ್ನದ ಕಾವಿಗೆ ಅರಗು ಮೆತ್ತಗಾಗಿ ಅಂಟಿಕೊಂಡೊಡನೆ ನಿಂತುಬಿಡುತ್ತದೆ. ಆದುದರಿಂದ ಸುರುಳಿಯನ್ನು ಹೊಸದಾಗಿ ಸುತ್ತಿಸಿ, ಶಕ್ತಿಗುಂದಿದ ಅಯಸ್ಕಾಂತಕ್ಕೆ ಮತ್ತೆ ಕಾಂತಶಕ್ತಿಯನ್ನು ತುಂಬಿಸುತ್ತಾರೆ.

ಎಣ್ಣೆಯ ವಿಷಯದಲ್ಲಿ ಸವಾರನೇ ಯಂತ್ರದ ಒಂದು ಅಂಗ. ಈಗಿನ ಎಂಜಿನ್ನುಗಳಲ್ಲಿ ಒಂದೇ ಎಣ್ಣೆ ಮತ್ತೆ ಮತ್ತೆ ಸುತ್ತುತ್ತದೆ. ಅಂದಿನವುಗಳಲ್ಲಿ ಒಳಹೊಕ್ಕ ಎಣ್ಣೆ ಉರಿದೋ ಸೋರಿಯೋ ಹೋಗುವುದು, ಮರಳಿ ಬಾರದು. ಅನೇಕ ವಾಹನಗಳಲ್ಲಿ ಕೆಲವು ಮೈಲಿಗಳಿಗೊಮ್ಮೆ ಸವಾರನು ಕೈಪಂಪನ್ನು ಒತ್ತಬೇಕು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಲು ಮರೆತರೆ ಅದು ಕಿರುಗುಟ್ಟಿ ಎಚ್ಚರಿಸುತ್ತದೆ. ಎಂಜಿನ್ನು ಅಷ್ಟು ತಾಳ್ಮೆಯುಳ್ಳದ್ದಲ್ಲ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚುವುದು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿದು ಕಿಡಿ ನಿಲ್ಲುವುದು. ಸರಿಯಾದ ಅಳತೆಯನ್ನು ಹೊಗೆಯ ಬಣ್ಣದಿಂದಲೂ ಎಂಜಿನ್ನಿನ ಸದ್ದಿನಿಂದಲೂ ಕಲಿಯಬೇಕು.

ಚಕ್ರಗಳಲ್ಲಿಯೂ ಅಪಾಯವುಂಟು. ಆ ಕಾಲದ ಟಯರಿನ ಅಂಚು ಗಾಳಿಯ ಒತ್ತಡದಿಂದಲೇ ಚಕ್ರದ ಬಳೆಯನ್ನು ಹಿಡಿದು ನಿಲ್ಲುತ್ತಿತ್ತು. ಗಾಳಿ ಇಳಿದರೆ ಟಯರು ಕಳಚಿ ಸವಾರನು ಉರುಳಬಹುದು. ಅನೇಕ ವಾಹನಗಳಿಗೆ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕು. ಆದುದರಿಂದ ಕಡ್ಡಿಗಳನ್ನು ಹೊಸದಾಗಿ ಕಟ್ಟಿ, ಬ್ರೇಕಿನ ಪಟ್ಟಿಯನ್ನು ಬದಲಾಯಿಸಿ, ಪ್ರತಿದಿನವೂ ಗಾಳಿಯನ್ನು ಅಳೆಯುತ್ತಾರೆ.

ಇಷ್ಟಾದ ಮೇಲೂ ಯಂತ್ರವು ಸಿದ್ಧವಾಯಿತೆನ್ನುವಂತಿಲ್ಲ. ಮೊದಲು ಹತ್ತು ಮೈಲಿ, ಬಳಿಕ ಐವತ್ತು, ಬಳಿಕ ನೂರು, ಹೀಗೆ ಓಡಿಸಿ ನೋಡಬೇಕು. ಪ್ರತಿಸಲವೂ ಸಡಿಲಗೊಂಡ ತಿರುಪನ್ನು ಪುಸ್ತಕದಲ್ಲಿ ಬರೆದು, ಬಿಗಿದು, ಬೇಕಾದೆಡೆ ತಂತಿಯಿಂದ ಕಟ್ಟಬೇಕು. ಎತ್ತರದ ನಾಡಿನಲ್ಲಿ ಗಾಳಿ ತೆಳುವಾಗುವುದರಿಂದ ಪೆಟ್ರೋಲನ್ನು ತಗ್ಗಿಸಲು ಕಾರ್ಬ್ಯುರೇಟರಿನ ಸೂಜಿಯನ್ನು ತಿರುಗಿಸುವುದನ್ನೂ ಅಭ್ಯಾಸ ಮಾಡಬೇಕು. ಅಂಗಡಿಯಲ್ಲಿ ಬಿಡಿಭಾಗಗಳು ದೊರೆಯುವಂತಿಲ್ಲ. ಕವಾಟ, ಸ್ಪ್ರಿಂಗು, ಸರಪಳಿಯ ಕೊಂಡಿಗಳನ್ನು ಮುಂಚೆಯೇ ಮಾಡಿಸಿ ಒಯ್ಯಬೇಕು.

ಹೀಗೆ ಒಂದೊಂದಾಗಿ ಬದಲಾಯಿಸುತ್ತ ಹೋದರೆ ಹಳೆಯ ವಾಹನವು ಹಳೆಯದಾಗಿಯೇ ಉಳಿಯುವುದೇ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಏನನ್ನೂ ಮುಟ್ಟಬಾರದೆಂದರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು. ಎಲ್ಲವನ್ನೂ ಬದಲಿಸಿದರೆ ಉಳಿಯುವುದು ಹೆಸರು ಮಾತ್ರ. ಪ್ರಾಣಕ್ಕೆ ಅಪಾಯ ತರುವ ಭಾಗವನ್ನು ಸಂಕೋಚವಿಲ್ಲದೆ ಬದಲಿಸಿ, ದೃಢವಾಗಿರುವುದನ್ನು ಹಾಗೆಯೇ ಉಳಿಸಿಕೊಳ್ಳುವುದು ನಮಗೆ ಯುಕ್ತವಾಗಿ ತೋರುತ್ತದೆ. ಯಾವುದು ದೃಢ, ಯಾವುದು ಶಿಥಿಲ ಎಂಬುದನ್ನು ಅರಿಯುವುದೇ ಈ ಸಿದ್ಧತೆಯ ನಿಜವಾದ ವಿದ್ಯೆ. 2010ರ ಓಟವನ್ನು ಗೆದ್ದ ಬ್ರ್ಯಾಡ್ ವಿಲ್ಮಾರ್ತ್ ಅವರ ‘ಎಕ್ಸೆಲ್ಸಿಯರ್’ 1913ರಲ್ಲಿ ತಯಾರಾದದ್ದು. 2016ರ ಓಟಕ್ಕಂತೂ ನೂರು ತುಂಬಿದ ವಾಹನಗಳನ್ನು ಮಾತ್ರವೇ ಸೇರಿಸಿಕೊಂಡರು.

ವಿದ್ಯಾರ್ಥಿಗಳೇ, ಮುಂದಿನ ರಜೆಯಲ್ಲಿ ಹಿರಿಯರ ಅಪ್ಪಣೆ ಪಡೆದು ಮನೆಯ ಹಳೆಯ ಸೈಕಲ್ಲನ್ನು ಬಿಚ್ಚಿ ನೋಡಿರಿ. ಬಿಚ್ಚಿದ ಕ್ರಮವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದನ್ನು ಮಾತ್ರ ಮರೆಯದಿರಿ. ಹೆತ್ತವರಲ್ಲಿಯೂ ಒಂದು ಬಿನ್ನಹ: ಮಕ್ಕಳ ಕೈಗೆ ಎಣ್ಣೆಯ ಮಸಿ ಅಂಟಿತೆಂದು ಗದರಿಸಬೇಡಿರಿ. ಅದು ಸಾಬೂನಿನಿಂದ ಹೋಗುತ್ತದೆ. ಆ ಕೈ ಕಲಿತದ್ದು ಹೋಗುವುದಿಲ್ಲ.