ಎಲುಬಿನ ಚೌಕಟ್ಟೂ ಆಸ್ಪತ್ರೆಯ ಲೆಕ್ಕಪತ್ರವೂ

ಸೋಲಾಪುರದಿಂದ ಬರುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಇಂಡಿ ತಾಲೂಕನ್ನು ಹಾಯ್ದು ವಿಜಯಪುರವನ್ನು ಸೇರುವದು. ಕಲಬುರ್ಗಿಯ ಕಡೆಯ 50ನೆಯದು ಸಿಂದಗಿಯ ಮೇಲಿಂದ ಬಂದು, ಬಸವನ ಬಾಗೇವಾಡಿ ಸೀಮೆಯ ಮನಗೂಳಿ, ನಿಡಗುಂದಿಗಳ ಮಾರ್ಗವಾಗಿ ದಕ್ಷಿಣಕ್ಕೆ ಸಾಗುವದು. ಮುದ್ದೇಬಿಹಾಳದವರಿಗೆ ಜಿಲ್ಲಾಸ್ಥಳವು ಸುಮಾರು 80 ಕಿಲೋಮೀಟರು ದೂರ. ಈ ದಾರಿಗಳಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದೋ, ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕೋ ಕಾಲಿನ ಎಲುಬು ಚರ್ಮವನ್ನು ಸೀಳಿ ಹೊರಬಂದವನನ್ನು ಆಸ್ಪತ್ರೆಗೆ ಒಯ್ಯುವವರು, ಜೀವ ಉಳಿದರೆ ಸಾಕೆನ್ನುವದು ಸಹಜವೇ. ಆದರೆ ಜೀವ ಉಳಿದ ಮೇಲೆ ಬರುವ ಒಂದು ಖರ್ಚಿನ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯುವದು ಅವಶ್ಯವಾಗಿದೆ.

ಗಾಯವು ಹೊಲಸಾಗಿರುವಾಗ ಒಳಗೆ ಪಟ್ಟಿಯನ್ನು ಕೂಡಿಸಿದರೆ ಕೀವಾಗುವ ಭಯವಿರುವದರಿಂದ, ವೈದ್ಯರು ಎಲುಬಿಗೆ ಉಕ್ಕಿನ ಮೊಳೆಗಳನ್ನು ತಿರುಪಿ, ಅವನ್ನು ಚರ್ಮದ ಹೊರಗೆ ಸರಳಿಗೆ ಬಿಗಿಯುತ್ತಾರೆ. ಇದೇ ಎಕ್ಸ್‌ಟರ್ನಲ್ ಫಿಕ್ಸೇಟರ್. ಜನರ ಮಾತಿನಲ್ಲಿ ರಾಡು. ಸೈಬೀರಿಯದ ಕುರ್ಗಾನ್ ನಗರದ ವೈದ್ಯ ಇಲಿಜಾರೋವರು 1950ರ ದಶಕದಲ್ಲಿ ಬೆಳೆಸಿದ ಬಳೆಗಳ ಚೌಕಟ್ಟು ಇದರದೇ ಒಂದು ಬಗೆ. ವಾರಗಳೋ ತಿಂಗಳುಗಳೋ ಕಳೆದ ಬಳಿಕ ಇದನ್ನು ತೆಗೆಯಲೇಬೇಕು. ಬಿಟ್ಟರೆ ಮೊಳೆಯ ಬುಡದ ಕೀವು ಎಲುಬಿಗೂ ಇಳಿಯಬಹುದು.

ಹಾಕಿಸುವ ಖರ್ಚಿಗೆ ಆಸರೆಯುಂಟು. ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಂತೆ, ರಸ್ತೆಯ ಅಪಘಾತಕ್ಕೀಡಾದವನಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷ ರೂಪಾಯಿಗಳವರೆಗೆ ನಗದಿಲ್ಲದ ಚಿಕಿತ್ಸೆ ದೊರೆಯುವದು. ಆದರೆ ಅಪಘಾತದ ದಿನದಿಂದ 7 ದಿನಗಳ ಮಟ್ಟಿಗೆ ಮಾತ್ರ. ಎಲುಬು ಏಳು ದಿನಗಳಲ್ಲಿ ಕೂಡುವದುಂಟೆ? ತೆಗೆಸುವ ಹೊತ್ತಿಗೆ ಆ ಅವಧಿ ಎಂದೋ ಮುಗಿದಿರುವದು. ಆಗ 2018ರಿಂದ ನಡೆದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯನ್ನು ಆಶ್ರಯಿಸಬಹುದು. ಅಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆಯಿದೆ. ಆದರೆ ತುರ್ತಲ್ಲದ ಕೆಲಸಕ್ಕೆ ಖಾಸಗಿ ಆಸ್ಪತ್ರೆಗೆ ಹೋಗುವವನು ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಪಡೆಯಬೇಕು. ಇದನ್ನು ಅರಿಯದವನು ಕೈಯಿಂದಲೇ ಹಣ ತೆರಬೇಕಾಗುವದು.

ಇನ್ನು ಶುಲ್ಕದ ನ್ಯಾಯ. ಸಾದಾ ಚೌಕಟ್ಟನ್ನು ಎಷ್ಟೋ ಸಲ ಅರಿವಳಿಕೆಯಿಲ್ಲದೆ ಹೊರರೋಗಿಗಳ ಕೋಣೆಯಲ್ಲಿಯೇ ಬಿಚ್ಚುವರು. ಮಕ್ಕಳಿಗೂ ಬಳೆಗಳ ಚೌಕಟ್ಟಿಗೂ ಅರಿವಳಿಕೆ ಬೇಕಾಗಬಹುದು. ಅಮೇರಿಕೆಯ ಚಿಕಿತ್ಸಾ ಸಂಕೇತಗಳ ಪಟ್ಟಿಯಲ್ಲಿ 20694 ಎಂಬ ಅಂಕವು ಅರಿವಳಿಕೆ ಕೊಟ್ಟು ತೆಗೆದುದಕ್ಕೆ ಮಾತ್ರ ಸಲ್ಲುವದು. ಕೊಡದಿದ್ದರೆ ಅದನ್ನು ಬಿಲ್ಲಿನಲ್ಲಿ ಬರೆಯುವಂತಿಲ್ಲ. ಈ ವಿವೇಕವು ನಮಗೂ ಬೇಕು. ಮಾಡಿದ ಕೆಲಸವನ್ನು ಬರೆಯದಿದ್ದರೆ ಆಸ್ಪತ್ರೆಗೆ ನಷ್ಟ. ಮಾಡದುದನ್ನು ಬರೆದರೆ ರೋಗಿಗೂ ಬೊಕ್ಕಸಕ್ಕೂ ಮೋಸ.

ಆದಕಾರಣ, ಚೌಕಟ್ಟು ಹಾಕಿದಂದೇ ಡಿಸ್ಚಾರ್ಜ್ ಕಾರ್ಡಿನಲ್ಲಿ ಅದರ ಬಗೆ, ಹಾಕಿದ ತಾರೀಖು, ತೆಗೆಯಬೇಕಾದ ಸುಮಾರು ಕಾಲ, ತೆಗೆಯುವ ಖರ್ಚು ಯಾವ ಲೆಕ್ಕಕ್ಕೆ ಎಂಬವನ್ನು ಕನ್ನಡದಲ್ಲಿ ಬರೆದುಕೊಡತಕ್ಕದ್ದು. ತೆಗೆದ ದಿನ ಎಲುಬು ಕೂಡಿದ ಕ್ಷಕಿರಣ ಚಿತ್ರ, ಅರಿವಳಿಕೆಯ ವಿವರ, ಮೊಳೆಗಳ ಬುಡದ ಸ್ಥಿತಿ, ರಸೀದಿ ಇವಿಷ್ಟೂ ರೋಗಿಯ ಕೈಸೇರಬೇಕು. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಮುಂದಿನ ಚಿಕಿತ್ಸೆಯ ವೆಚ್ಚವನ್ನು ಕೇಳುವವನಿಗೆ ಈ ಕಾಗದಗಳೇ ಸಾಕ್ಷಿ.

ತಾಲೂಕು ಆಸ್ಪತ್ರೆಗಳ ಅಧಿಕಾರಿಗಳು ಇದಕ್ಕೆ ಒಂದು ಹಾಳೆಯ ಮಾದರಿಯನ್ನು ಸಿದ್ಧಪಡಿಸಿದರೆ ಖರ್ಚು ಅಲ್ಪ, ಉಪಕಾರ ಬಹಳ. ಓದುಬರಹ ಬಲ್ಲ ಪಟ್ಟಣಿಗರೂ ನೆರೆಯವನ ಕಾರ್ಡನ್ನೊಮ್ಮೆ ಓದಿ, ಅವನಿಗೆ ತಾರೀಖನ್ನು ನೆನಪಿಸಲಿ.